ಕ್ಯಾಮರಾ ಮುಂದೆ ಯೋಚನೆ ಮಾಡಿದ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ತಿರುಪ್ಪೂರಿನ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದೆ. ಫೋನ್ ಮಾಡಿದವನು ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಮದುವೆ ವಿಡಿಯೋ ಸ್ಟುಡಿಯೋ ಇಟ್ಟುಕೊಂಡಿರುವ, ನಾನು ಸ್ಟುಡಿಯೋ ಅಣ್ಣ ಎನ್ನುವ ಗೆಳೆಯ. "ತಂಬಿ, ನಮ್ಮ ಹೀರೋಯಿನ್ ಪೋಯಿಟ್ಟಾಂಗ" ಎಂದ. ಕಾಮಾಲೆಯಂತೆ. ಯಾರೋ ನಾಟಿ ಔಷಧಿ ಕೊಟ್ಟರಂತೆ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿತ್ತಂತೆ. ನಾನು "ಓಹೋ" ಎಂದೆ. ಪಕ್ಕದ ಊರಿನಲ್ಲಿ ಮಳೆಯಾಯಿತಂತೆ ಎಂದರೆ ಅನ್ನುತ್ತಾರಲ್ಲ, ಅಂಥ ಓಹೋ. ಫೋನ್ ಜೇಬಿಗಿಟ್ಟು ಕೈಲಿದ್ದ ಬಜ್ಜಿ ಮುಗಿಸಿದೆ. ಇನ್ನೊಂದು ಪ್ಲೇಟ್ ಹೇಳಿದೆ. ಅಳು ಬರುತ್ತದೇನೋ ಎಂದು ಕಾದೆ. ಕಣ್ಣಲ್ಲಿ ನೀರೇನೋ ಬಂತು, ಆದರೆ ಅದು ಮೆಣಸಿನಕಾಯಿಯದು.

ಮಣ್ಣಿಗಾದರೂ ಹೋಗೋಣವೆಂದು ಹೊರಟೆ. ಇಷ್ಟು ವರ್ಷ ಈ ಸೀಮೆಯಲ್ಲಿದ್ದರೂ ತಮಿಳು ಓದಲು ಬಾರದ ನಾನು, ಬೋರ್ಡಿನ ಅಕ್ಷರಗಳ ಡೊಂಕು ನೋಡಿ ಅಂದಾಜಿನ ಮೇಲೆ ಬಸ್ಸು ಹತ್ತುವವನು. ಅವತ್ತು ಹತ್ತಿದ್ದು ಬೇರೆಯೇ ದಿಕ್ಕಿಗೆ ಹೋಗುವ ಪಲ್ಲಡಂ ಬಸ್ಸು. ಗಣಪತಿ ತಲುಪುವಷ್ಟರಲ್ಲಿ ಎಲ್ಲಾ ಮುಗಿದು ಬಾಡಿಗೆ ಕುರ್ಚಿಗಳನ್ನು ಆಟೋಗೆ ತುಂಬುತ್ತಿದ್ದರು. ಬೀದಿಯ ತುದಿಯಲ್ಲೇ ನಿಂತು ನೋಡಿ ವಾಪಸ್ ಬಂದೆ. ಆಗಲೂ ಏನೂ ಅನ್ನಿಸಲಿಲ್ಲ. ಬರೆದರೆ ಏನಾದರೂ ಅನ್ನಿಸೀತು ಎಂದು ಬರೆಯುತ್ತಿದ್ದೇನೆ. ಅಕ್ಕನ ಹೆಸರು ಮಾತ್ರ ಬರೆಯುವುದಿಲ್ಲ. ಪತ್ರಿಕೆಯಲ್ಲಿ ತಮ್ಮ ಹೆಸರು ಕಂಡರೆ "ಇದೆಲ್ಲಾ ಯಾಕೆ ತಂಬಿ" ಅನ್ನುವ ಜಾತಿ ಅವರದು.

ಡಿಪ್ಲೊಮಾ ಮುಗಿಸಿ ಚಿತ್ರದುರ್ಗದಿಂದ ಬಂದು, ಗಣಪತಿಯ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ನಾನು ಟ್ರೈನಿ ಸೂಪರ್‌ವೈಸರ್ ಆದೆ. ಮೊದಲ ದಿನವೇ ನನ್ನ ಪ್ರತಿಭೆ ಇಡೀ ಶೆಡ್ಡಿಗೆ ಗೊತ್ತಾಯಿತು. ಟೆಸ್ಟಿಂಗ್ ಟೇಬಲ್ಲಿನ ಮೇಲೆ ಮೋಟರ್ ಇಟ್ಟು, ಬೋಲ್ಟು ಬಿಗಿಯದೆ ಸ್ವಿಚ್ ಹಾಕಿದೆ. ಮೋಟರು ಗುಟುರು ಹಾಕುತ್ತಾ ಟೇಬಲ್ಲಿನಿಂದ ಕೆಳಗೆ ಹಾರಿ, ವೈರು ಎಳೆದುಕೊಂಡು ಶೆಡ್ಡಿನ ಉದ್ದಕ್ಕೂ ನಡೆಯಿತು. ಹಗ್ಗ ಕಿತ್ತ ಹೋರಿಯ ಹಿಂದೆ ಓಡುವವನ ಹಾಗೆ ನಾನು ಅದರ ಹಿಂದೆ ಓಡಿದೆ. ಅದು ಹೋಗಿ ನಿಂತದ್ದು ಮೋಟರಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಸೆಕ್ಷನ್ನಿನಲ್ಲಿ, ನೆಲದ ಮೇಲೆ ಕೂತಿದ್ದ ಒಬ್ಬ ಹೆಂಗಸಿನ ಮಡಿಲ ಹತ್ತಿರ. ಆಕೆ ಗಾಬರಿಯಾಗಲಿಲ್ಲ, ನಗಲೂ ಇಲ್ಲ. ಕೈಚಾಚಿ ಪ್ಲಗ್ ಕಿತ್ತರು.

"ಪರವಾಯಿಲ್ಲೆ ತಂಬಿ. ಮೋಟರ್ ಚೆಂದಾಗೇ ಓಡ್ತದೆ" ಎಂದರು, ಕನ್ನಡದಲ್ಲಿ.

"ಅಯ್ಯೋ, ನೀವು ಕನ್ನಡದವ್ರಾ?"

"ನೀವು ಮೈಸೂರಾ?"

"ಚಿತ್ರದುರ್ಗ."

"ಅದೇ, ಮೈಸೂರು."

ಅವರ ತವರು ಕೊಯಮತ್ತೂರಿನ ಹತ್ತಿರದ ಸಿರುಮುಗೈ, ರೇಷ್ಮೆ ಸೀರೆಯ ಮಗ್ಗದ ಮನೆ. ಕನ್ನಡ ಅವರಿಗೆ ಒಲೆಯ ಮುಂದಿನ ಭಾಷೆ. ಓದಲು ಬರೆಯಲು ಬಾರದು, ಕರ್ನಾಟಕವನ್ನು ಕಂಡೂ ಇರಲಿಲ್ಲ. ಅವತ್ತು ಪ್ಲಗ್ ಕಿತ್ತಾಗ ನನ್ನನ್ನು 'ನೀವು' ಅಂದವರು, ಊಟದ ಹೊತ್ತಿಗೆ 'ನೀನು' ಅನ್ನತೊಡಗಿದ್ದರು, ನಾನು 'ಅಕ್ಕ' ಅನ್ನತೊಡಗಿದ್ದೆ. ನ್ಯಾಯವೇ.

ಅಕ್ಕನಷ್ಟು ಕಡಿಮೆ ಮಾತಿನ ಮನುಷ್ಯರನ್ನು ನಾನು ನೋಡಿಲ್ಲ. ಇದ್ದ ಮಾತಿನಲ್ಲೂ ಅರ್ಧ 'ಇರ್ಲಿ'. ಟೀಗೆ ಸಕ್ಕರೆ ಹಾಕಿಲ್ಲ ಅಂದರೆ ಇರ್ಲಿ. ಫ್ಯಾನ್ ಕೆಟ್ಟಿದೆ ಅಂದರೆ ಇರ್ಲಿ. ದೀಪಾವಳಿಗೆ ಎಲ್ಲರಿಗೂ ಕೊಟ್ಟ ಸ್ವೀಟ್ ಬಾಕ್ಸ್ ಅವರ ಸರದಿ ಬರುವಷ್ಟರಲ್ಲಿ ಮುಗಿದಾಗಲೂ ಇರ್ಲಿ. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ತಂತಿಯ ಸುರುಳಿಯನ್ನು ಮೋಟರಿನೊಳಕ್ಕೆ ತೂರಿಸಿ, ಬಿದಿರಿನ ಕಡ್ಡಿಯಿಂದ ಒತ್ತಿ, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಂದಿನದಕ್ಕೆ ಕೈ ಹಾಕುತ್ತಿದ್ದರು. ನಾನು ಹೇಳುತ್ತಿದ್ದ ಜೋಕುಗಳಿಗೆ ಇಡೀ ಸೆಕ್ಷನ್ ನಕ್ಕ ಮೇಲೆ "ಮುಗೀತಾ?" ಎಂದು ಕೇಳುತ್ತಿದ್ದರು. ವ್ಯಂಗ್ಯಕ್ಕಲ್ಲ, ನಿಜವಾಗಿಯೂ ಮುಗಿಯಿತೋ ಎಂದು ತಿಳಿದುಕೊಳ್ಳಲು.

ಆ ಸೆಕ್ಷನ್ನಿನಲ್ಲಿ ನನಗಿದ್ದ ಅಧಿಕಾರವೆಂದರೆ ಬಳೆ ಬಿಚ್ಚಿಸುವುದು. ತಾಮ್ರದ ತಂತಿಯ ಮೇಲೆ ತೆಳ್ಳಗೆ ಎನಾಮಲ್ ಲೇಪ ಇರುತ್ತದೆ. ಗಾಜಿನ ಬಳೆ ತಾಗಿ ಅದು ಕೆರೆದರೆ ಮೋಟರು ಸುಟ್ಟುಹೋಗುತ್ತದೆ. ಆದ್ದರಿಂದ ಬೆಳಿಗ್ಗೆ ಹೆಂಗಸರೆಲ್ಲ ಬಳೆ ಕಳಚಿ ಬಾಗಿಲ ಪಕ್ಕದ ಡಬ್ಬಿಗೆ ಹಾಕಿಯೇ ಒಳಗೆ ಬರಬೇಕು. ನಾನು ಡಬ್ಬಿಯ ಪಕ್ಕ ಕೈಕಟ್ಟಿ ನಿಲ್ಲುತ್ತಿದ್ದೆ, ದೇವಸ್ಥಾನದ ಚಪ್ಪಲಿ ಕಾಯುವವನ ಗತ್ತಿನಲ್ಲಿ.

ಹೀಗಿರುವಾಗ ಊರಿನ ಕನ್ನಡ ಸಂಘದವರು, ರಾಜ್ಯೋತ್ಸವಕ್ಕೆ ಯಾರಾದರೂ ಕಿರುಚಿತ್ರ ಮಾಡಿದರೆ ತೋರಿಸುತ್ತೇವೆ ಎಂದರು. ಅದೇ ಸಭೆಯಲ್ಲಿ ಎದ್ದು ನಿಂತು ನಾನು ಡೈರೆಕ್ಟರ್ ಆಗಿಬಿಟ್ಟೆ. ಕತೆ ಬಸ್ಸಿನಲ್ಲಿ ಸಿಕ್ಕಿತು, ಹಿಂದಿನ ಸೀಟಿನ ಹೆಂಗಸರ ಮಾತು ಕದ್ದು ಕೇಳಿದ್ದು: ಮಕ್ಕಳು ದೊಡ್ಡವರಾದ ಹೆಂಗಸೊಬ್ಬಳು ನಿರೀಕ್ಷೆಯೇ ಇಲ್ಲದೆ ಬಸುರಿಯಾಗುತ್ತಾಳೆ. ಮಗು ಬೇಕೋ ಬೇಡವೋ ಎಂದು ಯೋಚಿಸುತ್ತಾ ಕೂರುತ್ತಾಳೆ. ಇಷ್ಟೇ. ತಾಯ್ತನದ ಬಗ್ಗೆ ನನಗಿದ್ದ ಅನುಭವವೆಲ್ಲಾ ಹುಟ್ಟಿದ ಕಡೆಯಿಂದ ಮಾತ್ರ. ಅದು ಡೈರೆಕ್ಟರಿಗೆ ಸಾಕು ಅಂದುಕೊಂಡೆ.

ಹೀರೋಯಿನ್ ಸಿಗಲಿಲ್ಲ. ಸಂಘದ ಒಬ್ಬ ಮೇಡಂ, ಹಾಡಿದ್ದರೆ ಬರುತ್ತೇನೆ ಎಂದರು. ಇನ್ನೊಬ್ಬರ ಗಂಡ, "ಸರಿ, ಆ ಮಗುವಿನ ಅಪ್ಪನ ಪಾರ್ಟು ಯಾರು ಮಾಡ್ತಿರೋದು?" ಎಂದು ನನ್ನನ್ನೇ ಮೇಲಿನಿಂದ ಕೆಳಗೆ ನೋಡಿದರು. ಕೊನೆಗೆ ಟೀ ಬ್ರೇಕಿನಲ್ಲಿ ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಅಕ್ಕ, ನನ್ನ ಸಿನಿಮಾದಲ್ಲಿ ಮಾಡ್ತೀರಾ?"

"ಏನ್ ವೇಲೆ?"

"ಯೋಚನೆ ಮಾಡೋ ಕೆಲ್ಸ."

"ಅಷ್ಟೇನಾ?"

"ಅಷ್ಟೇ. ಒಬ್ಳು ಹೆಂಗ್ಸು, ನಿಮ್ಮ ವಯಸ್ಸಿನವ್ಳು. ಅಂದ್ಕೊಳ್ದೇ ಬಸುರಿ ಆಗ್ಬಿಡ್ತಾಳೆ. ಇಟ್ಕೊಳ್ಳೋದಾ ಬೇಡ್ವಾ ಅಂತ ಕೂತ್ಕೊಂಡು ಯೋಚ್ನೆ ಮಾಡ್ತಾಳೆ."

ಅಕ್ಕನ ಟೀ ಲೋಟ ತುಟಿಯ ಹತ್ತಿರ ನಿಂತುಬಿಟ್ಟಿತು. "ಯಾರ್ ಹೇಳಿದ್ರು ನಿನಗೆ?"

"ಯಾರ್ ಹೇಳ್ಬೇಕು? ಪೂರ್ತಿ ನನ್ನ ಸ್ವಂತ ಕಲ್ಪನೆ!" ಎಂದು ಎದೆ ಉಬ್ಬಿಸಿದೆ.

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಇವನಿಗೆ ಏನೂ ಗೊತ್ತಿಲ್ಲ ಎಂದು ಖಾತ್ರಿಯಾಯಿತು ಅಂತ ಕಾಣುತ್ತದೆ. ಆ ಮುಖದಲ್ಲಿ ಬೇರೆ ಏನಿದ್ದರೂ ಅದೊಂದು ಸ್ಪಷ್ಟವಾಗಿ ಕಾಣುತ್ತಿತ್ತು.

"ಸರಿ, ಮಾಡ್ತೀನಿ. ಎಲ್ಲಿ ಕೂರ್ಬೇಕು?"

ಆಗ ಅಕ್ಕನಿಗೆ ಮೂರನೇ ತಿಂಗಳು. ಇದು ಅವರು ಆಮೇಲೆ ಹೇಳಿ ನನಗೆ ಗೊತ್ತಾದದ್ದು. ಮಗಳು ಪೊಳ್ಳಾಚಿಯ ಹಾಸ್ಟೆಲ್ಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು, ಅವಳಿಗೆ ವರ ನೋಡುವ ಮಾತು ಶುರುವಾಗಿತ್ತು. ಗಂಡ ಬೇರೊಂದು ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ಸುದ್ದಿ ಹೇಳಿದಾಗ ಆತ "ನಿನ್ನಿಷ್ಟ" ಎಂದು ಸೈಕಲ್ ಹತ್ತಿ ಶಿಫ್ಟಿಗೆ ಹೋದನಂತೆ. ಮತ್ತೆ ಆ ಮಾತು ಎತ್ತಲಿಲ್ಲವಂತೆ. ಅತ್ತೆಗೆ ಹೇಳಿರಲಿಲ್ಲ. ಒಬ್ಬರೇ ನರ್ಸಿಂಗ್ ಹೋಮಿಗೆ ಹೋಗಿ ಕೇಳಿಕೊಂಡು ಬಂದಿದ್ದರು. ತೆಗೆಸುವುದಾದರೆ ತಡ ಮಾಡಬೇಡ, ಬೇಗ ಯೋಚನೆ ಮಾಡಿ ಹೇಳು ಎಂದು ಡಾಕ್ಟರಮ್ಮ ಹೇಳಿದ್ದರು. ಇಂಥ ಹೆಂಗಸಿಗೆ ನಾನು ಬಸುರಿಯ ಪಾತ್ರ ಹೇಳಿಕೊಡಲು ಹೊರಟಿದ್ದೆ.

ಶೂಟಿಂಗ್ ಅಕ್ಕನ ಮನೆಯಲ್ಲೇ, ಭಾನುವಾರಗಳಲ್ಲಿ. ಕ್ಯಾಮರಾಗೆ ಸ್ಟುಡಿಯೋ ಅಣ್ಣ. ಹುಟ್ಟಿದಾಗಿನಿಂದ ಮದುವೆ ಬಿಟ್ಟು ಬೇರೇನೂ ತೆಗೆದವನಲ್ಲ. ಯಾರ ಮುಖದ ಮೇಲೆ ಲೈಟ್ ಬಿಟ್ಟರೂ ಅಭ್ಯಾಸ ಬಲದಿಂದ "ಸ್ವಲ್ಪ ಸಿರಿಂಗ, ಸಿರಿಂಗ" ಎಂದು ನಗಲು ಹೇಳುತ್ತಿದ್ದ. ಅಕ್ಕನನ್ನು ಹಿತ್ತಲ ಮೆಟ್ಟಿಲ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂರಿಸಿದೆವು.

"ಯೋಚ್ನೆ ಮಾಡಿ ಅಕ್ಕ!" ಎಂದು ನಾನು ಕೂಗಿದೆ. "ಇನ್ನೂ ಜೋರಾಗಿ ಯೋಚ್ನೆ ಮಾಡಿ! ಮುಖದಲ್ಲಿ ಬರ್ಬೇಕು!"

ಮುಖದಲ್ಲಿ ಏನೂ ಬರಲಿಲ್ಲ. ಕಲ್ಲನ್ನು ನೋಡುತ್ತಾ ಕೂತೇ ಇದ್ದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳಿ ಎಂದೆ. ಇಟ್ಟುಕೊಳ್ಳಲಿಲ್ಲ. ನಿಟ್ಟುಸಿರು ಬಿಡಿ ಎಂದೆ. ಬಿಡಲಿಲ್ಲ. ನಾನೇ ಪಕ್ಕ ಕೂತು, ಹೊಟ್ಟೆ ಸವರಿಕೊಂಡು, ಆಕಾಶ ನೋಡಿ, ಕಣ್ಣು ಅರಳಿಸಿ, ತುಟಿ ನಡುಗಿಸಿ ಬಸುರಿಯಾಗಿ ತೋರಿಸಿದೆ. ಸ್ಟುಡಿಯೋ ಅಣ್ಣ ಅದನ್ನೂ ತೆಗೆದಿಟ್ಟುಕೊಂಡ. ಇವತ್ತಿಗೂ ಅವನ ಅಂಗಡಿಗೆ ಬರುವ ಗಿರಾಕಿಗಳಿಗೆ ಅದನ್ನು ತೋರಿಸುತ್ತಾನೆ.

"ಗ್ಯಾಸ್ ಆದವ್ರ ಹಂಗೆ ಇದ್ದೀಯ" ಎಂದರು ಅಕ್ಕ. ಆಮೇಲೆ, "ಇನ್ನೊಂದ್ ಸಲ ತೆಗಿ" ಎಂದರು.

ಪ್ರತಿ ಸಲವೂ ಅಷ್ಟೇ. ನಾನು ಕಟ್ ಎಂದರೆ, ಇನ್ನೊಂದ್ ಸಲ. ಎಂಥ ಕಲಾವಿದೆ, ಸಮಾಧಾನವೇ ಇಲ್ಲವಲ್ಲ ಎಂದು ನಾನು ಬೀಗುತ್ತಿದ್ದೆ.

ಅಕ್ಕನ ಅತ್ತೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಾ ನೋಡುತ್ತಿದ್ದರು. ಕತೆ ಏನು ಎಂದು ಕೇಳಿದರು, ಹೇಳಿದೆ.

"ಥೂ! ಮಗಳ್ನ ಕೊಡೋ ವಯಸ್ಸಲ್ಲಿ ಯಾವಳಾದ್ರೂ ತೊಟ್ಲು ಕಟ್ತಾಳಾ? ನಂಬೋ ಹಂಗೆ ಏನಾದ್ರೂ ತೆಗಿಯಪ್ಪಾ."

"ಅಜ್ಜೀ, ಸದ್ದು! ಕ್ಯಾಮರಾ ಓಡ್ತಿದೆ!"

ಅಜ್ಜಿ ಬಾಯಿ ಮುಚ್ಚಿದರು. ಅಕ್ಕ ಕತ್ತು ಕೂಡ ಅಲುಗಿಸಲಿಲ್ಲ.

ಕತೆಗೆ ಕೊನೆ ಇರಲಿಲ್ಲ. ಅವಳು ಮಗುವನ್ನು ಇಟ್ಟುಕೊಳ್ಳುತ್ತಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಟೀ ಅಂಗಡಿಯವನನ್ನೂ ಕೇಳಿದೆ, ಮ್ಯಾನೇಜರನ್ನೂ ಕೇಳಿದೆ. ಕೊನೆಗೆ ಅಕ್ಕನನ್ನು ಕೇಳಿದೆ.

"ಅವಳೇ ಇನ್ನೂ ಕೂತಿದಾಳೆ. ನಿನಗೇನ್ ಅವಸರ?" ಎಂದರು.

ರಾಜ್ಯೋತ್ಸವ ಹತ್ತಿರ ಬಂದಿತ್ತು, ಅವಸರ ನನಗಿತ್ತು. ಸ್ಟುಡಿಯೋ ಅಣ್ಣ ಪರಿಹಾರ ಕೊಟ್ಟ: "ವಳೈಕಾಪ್ಪು ಇಟ್ಟುಬಿಡು ತಂಬಿ. ಅದು ನನ್ನ ಸಬ್ಜೆಕ್ಟು." ವಳೈಕಾಪ್ಪು ಎಂದರೆ ಬಸುರಿಗೆ ಬಳೆ ತೊಡಿಸುವ ಶಾಸ್ತ್ರ. ಮೊದಲು ಬೇವಿನ ಎಳೆಕಡ್ಡಿಯ ಬಳೆ, ಆಮೇಲೆ ಎರಡೂ ಕೈತುಂಬ ಗಾಜಿನ ಬಳೆ, ಬಂದವರಿಗೆ ಬಗೆಬಗೆಯ ಅನ್ನ. ಒಳ್ಳೆಯದಾಯಿತು, ಸುಖಾಂತ್ಯ ಎಂದೆ. ಅಜ್ಜಿ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ.

"ಆಟಕ್ಕೆ ಮಾಡೋ ಶಾಸ್ತ್ರ ಅಲ್ಲ ಅದು. ಆ ಬಳೆ ಒಂದ್ಸಲ ಏರಿದ್ರೆ ಹೆರಿಗೆ ಆಗೋ ತನಕ ಇಳಿಸ್ಬಾರ್ದು. ಬರೀ ಸಿನಿಮಾಕ್ಕೆ ಅಂದ್ರೆ, ದೀಪ ಹಚ್ಚೋಕೆ ಮುಂಚೆ ಎಲ್ಲಾ ತೆಗ್ದುಬಿಡ್ಬೇಕು. ತಿಳೀತಾ?"

"ತಿಳೀತು ಅಜ್ಜಿ."

ಆ ಶನಿವಾರ ಅಕ್ಕ ನನ್ನ ಮೇಜಿನ ಹತ್ತಿರ ಬಂದರು. "ಸೋಮವಾರ ಲೀವು ಬೇಕು ತಂಬಿ. ಆಸ್ಪತ್ರೆಗೆ ಹೋಗ್ಬೇಕು."

"ಯಾರಿಗೇನಾಯ್ತು?"

"ನನಗೇ. ಚಿಕ್ಕ ವೇಲೆ. ತೆಗಿಸ್ಬೇಕು."

"ಹಲ್ಲಾ?"

"ಹೂಂ ಅಂತ ಇಟ್ಕೋ" ಎಂದರು ಅಕ್ಕ.

ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಲವಂಗ ಒತ್ತಿ, ಎರಡು ದಿನ ಗಟ್ಟಿ ಪದಾರ್ಥ ತಿನ್ನಬೇಡಿ ಎಂದು ಡಾಕ್ಟರಂತೆ ಸಲಹೆ ಕೊಟ್ಟೆ. ಪೂರ್ತಿ ಕೇಳಿಸಿಕೊಂಡು "ಮುಗೀತಾ?" ಎಂದು ಕೇಳಿ ಹೋದರು.

ಭಾನುವಾರ ಬೀದಿಯ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಬಂದರು. ನಾನು ನನ್ನ ರೂಮಿನಿಂದ ದಿಂಬು ತಂದಿದ್ದೆ. ಅಕ್ಕ ಅದನ್ನು ಸೆರಗಿನೊಳಗೆ ಕಟ್ಟಿಕೊಂಡು ಮಣೆಯ ಮೇಲೆ ಕೂತರು. ಅಜ್ಜಿ ಗಲ್ಲಕ್ಕೆ ಚಂದನ ಹಚ್ಚಿ, ಬೇವಿನ ಬಳೆ ಹಾಕಿದರು. ಒಬ್ಬೊಬ್ಬರೇ ಬಂದು ಕೆಂಪು, ಹಸಿರು ಗಾಜಿನ ಬಳೆ ಏರಿಸಿದರು. ಸ್ಟುಡಿಯೋ ಅಣ್ಣ ಸಿರಿಂಗ ಸಿರಿಂಗ ಎನ್ನುತ್ತಾ ಸುತ್ತಲೂ ಕುಣಿದ. ಎಲ್ಲರೂ ನಕ್ಕರು. ಅಕ್ಕ ಮಾತ್ರ ತಮ್ಮ ಕೈಗಳನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದರು.

ಹೆಂಗಸರು ನಿಂಬೆಹಣ್ಣಿನ ಅನ್ನ, ಪುಳಿಯೋಗರೆ ತಿಂದು ಹೊರಟರು. ಅಕ್ಕ ದಿಂಬನ್ನು ಎಳೆದು ನನ್ನ ಕೈಗೆ ಕೊಟ್ಟರು. ಅಜ್ಜಿ ಬಳೆ ಜಾರಿಸಲು ಕೊಬ್ಬರಿ ಎಣ್ಣೆ ತಂದರು.

"ಕೊಡು ಕೈ. ದೀಪದ ಹೊತ್ತಾಯ್ತು."

ಅಕ್ಕ ಕೈ ಕೊಡಲಿಲ್ಲ. "ಇರ್ಲಿ" ಎಂದರು.

"ಏನ್ ಇರ್ಲಿ? ಹೇಳಿರ್ಲಿಲ್ವಾ ನಾನು? ಕೊಡು."

"ಇರ್ಲಿ ಅತ್ತೆ."

ಅಜ್ಜಿಯ ಕಣ್ಣು ಬಳೆಯಿಂದ ಸೊಸೆಯ ಮುಖಕ್ಕೆ ಹೋಯಿತು, ಅಲ್ಲಿಂದ ದಿಂಬಿಲ್ಲದ ಹೊಟ್ಟೆಗೆ ಬಂತು. ಎಣ್ಣೆ ಬಾಟಲಿಯನ್ನು ನೆಲಕ್ಕಿಟ್ಟು ಅಲ್ಲೇ ಕೂತರು.

"ಎಷ್ಟ್ ತಿಂಗ್ಳು?"

"ಮೂರು."

ದಿಂಬು ಅಪ್ಪಿಕೊಂಡು ನಿಂತಿದ್ದ ನನಗೆ ಇದು ಯಾವ ಸೀನು ಎಂದು ಹೊಳೆಯಲಿಲ್ಲ. ಕಟ್ ಹೇಳಲು ಮರೆತಿರಬೇಕು ಎಂದುಕೊಂಡು ಗಟ್ಟಿಯಾಗಿ "ಕಟ್!" ಎಂದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಆಗ, ತಡವಾಗಿ, ನನ್ನ ತಲೆಗೂ ಅರ್ಥ ಇಳಿಯಿತು. ಸ್ಟುಡಿಯೋ ಅಣ್ಣ ನನ್ನ ಕಾಲರ್ ಹಿಡಿದು ಹೊರಗೆ ಕರೆದುಕೊಂಡು ಹೋದ. ಬಾಗಿಲು ದಾಟುವಾಗ ಅಜ್ಜಿ ಹೇಳುವುದು ಕೇಳಿಸಿತು: "ಎದ್ದು ಮುಖ ತೊಳಿ. ನಾನು ದೀಪ ಹಚ್ತೀನಿ." ದನಿಯಲ್ಲಿ ಕೋಪವೂ ಇರಲಿಲ್ಲ, ಸಂತೋಷವೂ ಇರಲಿಲ್ಲ.

ಸೋಮವಾರ ಅಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ಬಂದಿದ್ದರು. ಮಣಿಕಟ್ಟಿನಿಂದ ಮೊಣಕೈ ಹತ್ತಿರದವರೆಗೆ ಬಳೆ, ಒಂದೂ ಕಡಿಮೆಯಾಗಿರಲಿಲ್ಲ. ಡಬ್ಬಿಯ ಪಕ್ಕ ನಾನು. ಹಿಂದೆ ಹೆಂಗಸರ ಸಾಲು.

"ಲೀವು ಬೇಡ ತಂಬಿ."

"ಸರಿ ಅಕ್ಕ. ಆದ್ರೆ... ಬಳೆ." ನನ್ನ ಬಾಯಿಂದ ಬಂದದ್ದು ಅಷ್ಟೇ. ಬಳೆ ಹಾಕಿಕೊಂಡು ಒಳಗೆ ಬಿಟ್ಟರೆ ಮೋಟರುಗಳು ಸುಡುತ್ತವೆ. ಬಿಡದಿದ್ದರೆ ಅವರ ಕೆಲಸ ಹೋಗುತ್ತದೆ.

"ಇದು ಹೆರಿಗೆಗೆ ಮುಂಚೆ ತೆಗಿಯಂಗಿಲ್ಲ" ಎಂದರು ಅಕ್ಕ, ಎಲ್ಲರಿಗೂ ಕೇಳುವಂತೆ. ಸಾಲಿನಲ್ಲಿ ಯಾರೋ "ನಿಜಮಾವಾ ಅಕ್ಕಾ?" ಎಂದರು. ಅಕ್ಕ "ಆಮಾ" ಎಂದು ತಲೆಯಾಡಿಸಿದರು. ಅವರು ಊರಿಗೆ ಸುದ್ದಿ ಹೇಳಿದ್ದು ಹೀಗೆ.

ಆಮೇಲೆ ಶೆಲ್ಫಿನಿಂದ ಒಂದು ಟೇಪಿನ ಉಂಡೆ ತೆಗೆದರು. ಮೋಟರಿನ ಸುರುಳಿಗಳ ಮೇಲೆ ಬಿಗಿಯುವ ಬಿಳೀ ಹತ್ತಿಯ ಟೇಪು. "ತುದಿ ಹಿಡ್ಕೋ" ಎಂದರು. ಹಿಡಿದುಕೊಂಡೆ. ಬಳೆಗಳ ಮೇಲೆ ಒಂದು ಸುತ್ತಿನ ಅಂಚಿಗೆ ಇನ್ನೊಂದು ಸುತ್ತು ಕೂರಿಸುತ್ತಾ, ಗಾಜು ಚೂರೂ ಕಾಣದ ಹಾಗೆ ಎರಡೂ ತೋಳುಗಳನ್ನು ಸುತ್ತಿದರು. ಸುತ್ತುತ್ತಲೇ ನಡೆದದ್ದನ್ನೆಲ್ಲಾ ಹೇಳಿದರು: ಗಂಡನ ಮಾತು, ನರ್ಸಿಂಗ್ ಹೋಮು, ಇವತ್ತಿನ ಲೀವು. ಇನ್ಯಾರದೋ ಮನೆಯ ಸುದ್ದಿ ಹೇಳುವ ದನಿಯಲ್ಲಿ.

"ಅದಕ್ಕೇನಾ ಅಕ್ಕ, ಇನ್ನೊಂದ್ ಸಲ ಇನ್ನೊಂದ್ ಸಲ ಅಂತಿದ್ದಿದ್ದು?"

"ಮನೇಲಿ ಸುಮ್ಮೆ ಕೂತ್ರೆ, ಏನಾಯ್ತು ಏನಾಯ್ತು ಅಂತಾರೆ. ನಿನ್ನ ಕ್ಯಾಮರಾ ಮುಂದೆ ಕೂತ್ರೆ ಎಲ್ರೂ ಬಾಯ್ ಮುಚ್ಕೊಂಡು ಇರ್ತಾರೆ. ಹಾಯಾಗಿತ್ತು."

"ಏನ್ ಯೋಚ್ನೆ ಮಾಡಿದ್ರಿ?"

"ಒಂದೂ ಬರ್ಲಿಲ್ಲ ತಂಬಿ. ಹಲ್ಲು ಕೀಳೋಕೆ ಸೂಜಿ ಹಾಕ್ತಾರಲ್ಲ, ಹಂಗೆ ಒಳಗೆಲ್ಲಾ ಮರಗಟ್ಟಿತ್ತು. ಕೀಳೋದೇ ಅಂತ ಇದ್ದೆ. ನಿನ್ನೆ ಎಣ್ಣೆ ತಂದಾಗ ಕೈ ಕೊಡೋಣ ಅಂದ್ಕೊಂಡೆ. ಕೈ ಮುಂದಕ್ಕೆ ಬರ್ಲಿಲ್ಲ."

ಮಧ್ಯಾಹ್ನ ಮ್ಯಾನೇಜರು ಬಂದು ಆ ಬಿಳೀ ತೋಳುಗಳನ್ನು ನೋಡಿ "ಇದೇನಯ್ಯಾ?" ಎಂದರು. "ಇನ್ಸುಲೇಷನ್ ಸಾರ್" ಎಂದೆ. ಜೋಕು ಹೇಳಬೇಕೆಂದು ಹೇಳಿದ್ದಲ್ಲ, ಬೇರೆ ಮಾತು ಸಿಗಲಿಲ್ಲ. ಹೆರಿಗೆಯವರೆಗೂ ಅಕ್ಕ ಹಾಗೆಯೇ ಕೆಲಸ ಮಾಡಿದರು. ಅವರು ಸುತ್ತಿದ ಒಂದು ಮೋಟರೂ ಸುಟ್ಟು ವಾಪಸ್ ಬರಲಿಲ್ಲ.

ಸಂಘದಲ್ಲಿ ಸಿನಿಮಾ ತೋರಿಸಿದೆವು. ಬ್ಯಾಂಕಿನ ಒಬ್ಬರು ನನ್ನ ಬೆನ್ನು ತಟ್ಟಿ, "ಪ್ರಯತ್ನ ಚೆನ್ನಾಗಿದೆ, ಆದ್ರೆ ಆ ಲೇಡಿ ಮುಖದಲ್ಲಿ ಎಕ್ಸ್‌ಪ್ರೆಶನ್ನೇ ಇಲ್ಲ. ಬಸುರಿ ಅಂತ ಅನ್ಸೋದೇ ಇಲ್ಲ ನೋಡಿ" ಎಂದರು. ಹೌದು ಸಾರ್ ಎಂದೆ.

ಹೆಣ್ಣುಮಗು ಹುಟ್ಟಿತು. ಡಜನ್ ಮೂಸಂಬಿ ತೆಗೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಮೊದಲು ಹೋಗಿ ನಿಂತದ್ದು ಮೂಳೆ ಮುರಿದವರ ವಾರ್ಡಿನಲ್ಲಿ. ಅಲ್ಲಿ ಒಬ್ಬರು ಎರಡು ಮೂಸಂಬಿ ಇಸಿದುಕೊಂಡು ದಾರಿ ತೋರಿಸಿದರು. ಅಕ್ಕ ಗೋಡೆಗೊರಗಿ ಕೂತಿದ್ದರು. ಬಳೆಗಳನ್ನು ಹೆರಿಗೆ ಮಾಡಿಸಿದ ಆಯಾಗೆ ಕೊಟ್ಟಿದ್ದರು. ಟೇಪಿನ ಕೆಳಗೆ ತಿಂಗಳುಗಟ್ಟಲೆ ಬಿಸಿಲು ಕಾಣದ ತೋಳುಗಳು ಬೆಳ್ಳಗಿದ್ದವು. ಪಕ್ಕದಲ್ಲಿ ಬಟ್ಟೆಯ ಒಂದು ಗಂಟು, ಗಂಟಿನ ತುದಿಯಲ್ಲಿ ಒಂದು ಕೆಂಪು ಮುಖ.

"ಸಂತೋಷಾನಾ ಅಕ್ಕ?" ಎಂದು ಕೇಳಿದೆ. ಬೇರೇನು ಕೇಳಬೇಕು ಎಂದು ಗೊತ್ತಾಗಲಿಲ್ಲ.

ಅಕ್ಕ ನಿಜವಾಗಿಯೂ ಯೋಚನೆ ಮಾಡಿದರು. "ಇನ್ನೂ ತೆರಿಯಿಲ್ಲ ತಂಬಿ, ಗೊತ್ತಾಗ್ತಿಲ್ಲ" ಎಂದರು. "ಬರುತ್ತೇನೋ. ಇವಳು ಅತ್ರೆ ಮಾತ್ರ, ಎಷ್ಟ್ ನಿದ್ದೇಲಿದ್ರೂ ಎದ್ದು ಕೂರ್ತೀನಿ. ಸದ್ಯಕ್ಕೆ ಅಷ್ಟೇ."

ಅಷ್ಟರಲ್ಲಿ ಆ ಗಂಟು ಅಲುಗಾಡಿ, ಬಾಯಿ ತೆರೆದು, ಇಡೀ ವಾರ್ಡು ತಿರುಗಿ ನೋಡುವ ಹಾಗೆ ಅಳತೊಡಗಿತು. ನಾನು ಮೂಸಂಬಿ ಚೀಲ ಹಿಡಿದುಕೊಂಡು ನೋಡುತ್ತಲೇ ನಿಂತಿದ್ದೆ.

"ಆ ಕಡೆ ತಿರುಗು ತಂಬಿ" ಎಂದರು ಅಕ್ಕ. "ಹಾಲ್ ಕೊಡ್ಬೇಕು."

ತಿರುಗಿದೆ. ಗೋಡೆಯ ಮೇಲೆ ತಮಿಳಿನಲ್ಲಿ ಏನೋ ಬರೆದ ಬೋರ್ಡು ಇತ್ತು. ಓದಲು ಬಾರದಿದ್ದರೂ ಓದುವವನ ಹಾಗೆ ಅದನ್ನೇ ನೋಡುತ್ತಾ ನಿಂತೆ. ಹಿಂದೆ ಅಳು ಜೋರಾಯಿತು, ಬಟ್ಟೆ ಸರಿದ ಸದ್ದಾಯಿತು, ಆಮೇಲೆ ಅಳು ನಿಂತಿತು.